ನಿನ್ನ ಮೀನಿಗೆ ಹುಳು ಹತ್ತಿತ್ತು

ಇವಳೇ,

ನೀನು ತೀರಿಕೊಂಡ ಮೇಲೂ ಬದುಕಿಕೊಂಡಿದ್ದ ನಿನ್ನ ಕೆಂಪು ಮೀನಿಗೆ ಹುಳು ಹತ್ತಿತ್ತು. ಬೆಳಿಗ್ಗೆ ಮಗಳು ತೊಟ್ಟಿಯ ಗಾಜಿಗೆ ಮೂಗು ಒತ್ತಿಕೊಂಡು, "ಅಪ್ಪಾ, ಬಾಲದ ಹತ್ರ ದಾರ ನೇತಾಡ್ತಿದೆ" ಅಂದಳು. ಅಂಗಡಿಗೆ ಹೊರಟವನು ಚಪ್ಪಲಿ ಬಿಟ್ಟು ಒಳಗೆ ಬಂದೆ. ದಾರವಲ್ಲ, ಮೀನಿನ ಮೈಯೊಳಗೆ ತಲೆ ಹೂತುಕೊಂಡಿದ್ದ ಹುಳು.

ಅವಳು ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದುಕೊಂಡಳು. ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಡಿಯಾರ ರಿಪೇರಿಯ ಚಿಮುಟದಿಂದ ಮೂರು ಹುಳುಗಳನ್ನು ಬುಡಸಮೇತ ಕಿತ್ತೆ. ಗಾಯಕ್ಕೆ ಔಷಧಿ ಮುಟ್ಟಿಸಿದೆ. ಮರಿಹುಳು ಉಳಿದಿದ್ದರೆ ಸಾಯಲಿ ಎಂದು ತೊಟ್ಟಿಯ ನೀರಿಗೂ ಹಾಕಿದೆ. ಸಂಜೆ ಹಾಕಿದ ತಿಂಡಿಯನ್ನೆಲ್ಲ ಮೀನು ತಿಂದಿತು. ಮಗಳು ಕುಣಿದಾಡಿ, "ನಿನ್ನ ಕಣ್ಣಿಂದ ಏನೂ ತಪ್ಪಿಸ್ಕೊಳ್ಳಲ್ಲಪ್ಪಾ!" ಅಂದಳು.

ನಾನು ಎದ್ದು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ನಿಂತೆ.

ಹೋದ ವರ್ಷ ನೀನು ನನ್ನ ಮೇಜಿನ ಪಕ್ಕ ಬಂದು, "ಎದೆಯಲ್ಲಿ ಏನೋ ಗಂಟು ಸಿಗ್ತಿದೆ ಕಣ್ರೀ, ಡಾಕ್ಟರ್ ಹತ್ರ ಹೋಗೋಣ್ವಾ?" ಎಂದು ಕೇಳಿದ್ದೆ. "ಇರು, ಇದೊಂದು ಗಡಿಯಾರ ಮುಗಿಸ್ತೀನಿ" ಅಂದೆ, ತಲೆ ಎತ್ತದೆ. ತಿಂಗಳು ಬಿಟ್ಟು ಮತ್ತೆ ಕೇಳಿದಾಗಲೂ ಅದನ್ನೇ ಅಂದೆ. ಮೂರನೇ ಸಲ ನೀನು ಕೇಳಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ.

ಮಗಳಿಗೆ ಇದು ಗೊತ್ತಿಲ್ಲ.