ಕೊನೆಯ ನಿಮಿಷದಲ್ಲಿ ಊದಿದೆ, ಮಾಮಾ

ಮಾಮಾ,

ಮೊದಲು ಕೂತುಕೊಳ್ಳಿ. ನಿಂತು ಕೇಳುವ ಸುದ್ದಿಯಲ್ಲ ಇದು. ಕೂತಿರಾ? ಹಾಂ. ನಾನು ಊದಿಬಿಟ್ಟೆ! ಹೈಸ್ಕೂಲು ಹುಡುಗಿಯರ ಬಾಸ್ಕೆಟ್‌ಬಾಲ್ ಫೈನಲ್ ಮ್ಯಾಚು, ಒಂದೇ ಪಾಯಿಂಟಿನ ಅಂತರ, ಕೊನೆಯ ನಿಮಿಷ. ಅಂಥ ಹೊತ್ತಿನಲ್ಲಿ ನಿಮ್ಮ ತಂಗಿಯ ಮಗಳು ಪಲ್ಲವಿ ಸೀಟಿ ಊದಿ ಫೌಲ್ ಕೊಟ್ಟಳು. ಅದೂ ಸಣ್ಣ ಫೌಲ್ ಅಲ್ಲ. ನೀವು ಹಣೆ ಚಚ್ಚಿಕೊಳ್ಳುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಸ್ವಲ್ಪ ತಡೆಯಿರಿ, ಬೈಯುವ ಮುಂಚೆ ಪೂರ್ತಿ ಕೇಳಿ. ಬೆಳಿಗ್ಗೆಯಿಂದ ಮೂರು ಸಲ ಚಹಾ ಕುಡಿದೆ, ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಈ ಕತೆ ನಿಮಗಲ್ಲದೆ ಇನ್ನಾರಿಗೆ ತಿಳಿದೀತು?

ನೀವು ಮೊದಲ ಸಲ ನನ್ನ ಕೊರಳಿಗೆ ಸೀಟಿ ಹಾಕಿದ ದಿನ ನೆನಪಿದೆಯೇ? ಮೊಣಕಾಲು ಕೈಕೊಟ್ಟು ನನ್ನ ಆಟ ಮುಗಿದಿತ್ತು. ಕಾಲೇಜಿಗೂ ಹೋಗದೆ ಮೂಲೆ ಹಿಡಿದು ಕೂತಿದ್ದೆ. ಅಮ್ಮ ನಿಮಗೆ ಫೋನ್ ಮಾಡಿ ಅತ್ತಿದ್ದಳಂತೆ. ಮರುದಿನವೇ ಸ್ಕೂಟರ್ ಹಾರ್ನ್ ಬಾರಿಸುತ್ತ ಬಂದು, "ಆಡೂದು ಮುಗೀತಂದ್ರ ಏನಾತು? ಆಡಸೂದು ಸುರು ಮಾಡು. ಏಳ, ಬೂಟು ಹಾಕ್ಕೊ" ಎಂದಿರಿ. ವಾರವೆಲ್ಲ ಬ್ಯಾಂಕಿನಲ್ಲಿ ಕ್ಯಾಶ್ ಎಣಿಸುವ ಮನುಷ್ಯ, ಭಾನುವಾರ ಬಂತೆಂದರೆ ಬೂದು ಬಣ್ಣದ ಅಂಗಿ ತೊಟ್ಟು ಶಾಲೆಯಿಂದ ಶಾಲೆಗೆ ಓಡುತ್ತಿದ್ದಿರಿ. "ಇರೂದು ಒಂದ ಐತ್ವಾರ, ಅದನ್ನೂ ಆ ಚೆಂಡಿಗೇ ಬರದ ಕೊಟ್ಟೀರಿ" ಎಂದು ಮಾಮಿ ಗೊಣಗುತ್ತಲೇ ನಿಮ್ಮ ಡಬ್ಬಿಗೆ ಅವಲಕ್ಕಿ ತುಂಬುತ್ತಿದ್ದರು. ಆಮೇಲೆ ಡಬ್ಬಿಗಳು ಎರಡಾದವು.

ಫೌಲ್ ಯಾವುದು, ಬರೀ ಮೈ ತಾಗಿದ್ದು ಯಾವುದು ಎಂದು ನೀವು ಕಲಿಸಿದ್ದು ನಿಮ್ಮ ಮನೆಯ ನಡುಮನೆಯಲ್ಲಿ. ಮಾಮಿಯನ್ನೇ ಎದುರಾಳಿ ಮಾಡಿ ನಿಲ್ಲಿಸಿ, "ಈಕಿ ಮೊದಲ ಬಂದು ನಿಂತಾಳ. ಈ ಜಾಗಾ ಈಕೀದು. ನೀ ಬಂದು ಹಾಯ್ದರ ತಪ್ಪು ನಿಂದು" ಎಂದು ತೋರಿಸುತ್ತಿದ್ದಿರಿ. "ಈ ಮನ್ಯಾಗ ನನಗೊಂದು ಜಾಗಾ ಐತಿ ಅಂತ ಇವತ್ತಾದ್ರೂ ಒಪ್ಪಿದ್ರಲ್ಲ" ಎಂದು ಮಾಮಿ ನಕ್ಕಿದ್ದರು. ಎಲ್ಲವನ್ನೂ ಕಲಿಸಿದ ಮೇಲೆ, ಪುಸ್ತಕದಲ್ಲಿ ಇಲ್ಲದ ಒಂದು ನಿಯಮವನ್ನೂ ಹೇಳಿಕೊಟ್ಟಿರಿ. "ಕಡೀ ನಿಮಿಷದಾಗ ಸೀಟಿ ನುಂಗಬೇಕು, ಪಲ್ಲೂ. ಮ್ಯಾಚು ಹುಡುಗ್ರು ಗೆಲ್ಲಬೇಕು, ರೆಫರಿ ಗೆಲ್ಲಸಬಾರದು." ಅದಕ್ಕೆ ನಿಮ್ಮದೇ ಒಂದು ರೂಢಿಯಿತ್ತು. ಕೊನೆಯ ನಿಮಿಷ ಶುರುವಾಯಿತೆಂದರೆ ತುಟಿಯಿಂದ ಸೀಟಿ ಬಿಟ್ಟುಬಿಡುತ್ತಿದ್ದಿರಿ. ಅದು ದಾರದಲ್ಲಿ ಎದೆಯ ಮೇಲೆ ತೂಗಾಡುತ್ತಿತ್ತು. ನಿಮ್ಮನ್ನು ನೋಡಿ ನಾನು ಕಲಿತೆ, ನಿಮ್ಮ ಜೊತೆಯವರೆಲ್ಲ ಕಲಿತರು. ಪುಣೆಯ ಶಾಲಾ ಮ್ಯಾಚುಗಳಲ್ಲಿ ಅದು ದೊಡ್ಡ ಮರ್ಯಾದೆಯ ಮಾತಾಯಿತು. ನಾನಂತೂ ಇಷ್ಟು ವರ್ಷ ಒಮ್ಮೆಯೂ ತಪ್ಪಿಸಿರಲಿಲ್ಲ.

ಆದರೆ ಈ ಸಲ ಸೀಸನ್ ಶುರುವಾಗುವ ಮುಂಚೆ ನಮಗೆಲ್ಲ ಹೊಸ ನಿಯಮಗಳ ಶಿಬಿರ ಇಟ್ಟಿದ್ದರು, ನನ್ನ ಆಫೀಸಿನ ಹತ್ತಿರವೇ, ಮಗರಪಟ್ಟಾದಲ್ಲಿ. ನೀವಿದ್ದಿದ್ದರೆ ಮೊದಲ ಸಾಲಿನಲ್ಲಿ ಕೂತು ಜಗಳ ತೆಗೆಯುತ್ತಿದ್ದಿರಿ. ಓಡುತ್ತ ಚೆಂಡು ಹಿಡಿಯುವಾಗ ನೆಲದ ಮೇಲಿದ್ದ ಕಾಲು ಹೆಜ್ಜೆಯ ಲೆಕ್ಕಕ್ಕಿಲ್ಲ ಎಂಬ ನಿಯಮ ಬಂದಾಗಲೇ "ಇದು ಬಾಸ್ಕೆಟ್‌ಬಾಲ್ ಏನ, ಮದುವೀ ಮೆರವಣಿಗಿ ಏನ?" ಎಂದವರು ನೀವು. ಈಗ ಕೇಳಿ. ಯಾರೂ ಮುಟ್ಟದಿದ್ದರೂ ಅಯ್ಯೋ ಎಂದು ಬೀಳುವ ನಾಟಕದವರನ್ನು ನೋಡಿ ನಕ್ಕು ಸುಮ್ಮನಾಗುವಂತಿಲ್ಲ, ಟೆಕ್ನಿಕಲ್ ಫೌಲ್ ಕೊಡಬೇಕು. ಇನ್ನೊಂದು, ನೀವು ಹೋದ ಮೇಲೆ ಬಂದದ್ದು: ಕೊನೆಯ ಎರಡು ನಿಮಿಷಗಳಲ್ಲಿ ಚೆಂಡು ಇನ್ನೂ ಗೆರೆಯ ಹೊರಗೆ ನಿಂತು ಎಸೆಯುವವಳ ಕೈಯಲ್ಲೇ ಇರುವಾಗ ಕಾಯುವ ತಂಡದವರು ಒಳಗೆ ಯಾರನ್ನಾದರೂ ತಬ್ಬಿ ಹಿಡಿದರೆ, ಹಿಡಿಸಿಕೊಂಡ ತಂಡಕ್ಕೆ ಒಂದು ಫ್ರೀ ಥ್ರೋ, ಮೇಲೆ ಚೆಂಡೂ ಅವರಿಗೇ. ನೋಡಿದಿರಾ? ನಾವು ಎಲ್ಲಿ ಕಣ್ಣು ಮುಚ್ಚಿಕೊಳ್ಳುತ್ತೇವೋ ಅಲ್ಲಿಯೇ ಪುಸ್ತಕ ಕಣ್ಣು ತೆರೆದು ಕೂತಿದೆ!

ಆ ಶಿಬಿರದಲ್ಲಿ ಪಾಠ ಮಾಡಿದವರು ನಾಗಪುರದ ಒಬ್ಬ ಮೇಡಂ. ಮೃದು ಮಾತು, ಆದರೆ ಒಂದು ಹೆಜ್ಜೆ ಹಿಂದೆ ಸರಿಯದ ಹೆಂಗಸು. ಮೊದಲ ನಿಮಿಷದಲ್ಲಿ ಫೌಲ್ ಆದದ್ದು ಕೊನೆಯ ನಿಮಿಷದಲ್ಲೂ ಫೌಲ್ ಎಂದರು. ನನಗೆ ಸುಮ್ಮನಿರಲಾಗಲಿಲ್ಲ. ಎದ್ದು ನಿಂತು ನಿಮ್ಮ ಮಾತನ್ನೇ ಮರಾಠಿಯಲ್ಲಿ ಹೇಳಿದೆ, ಮ್ಯಾಚು ಮಕ್ಕಳು ಗೆಲ್ಲಬೇಕು, ನಾವಲ್ಲ ಅಂತ. ಹಿಂದಿನಿಂದ ಚಪ್ಪಾಳೆಯೂ ಬಿತ್ತು. ಆ ಮೇಡಂ ನಕ್ಕು, ನೀವು ಊದದೇ ಇದ್ದಾಗಲೂ ಯಾರೋ ಒಬ್ಬರನ್ನು ಗೆಲ್ಲಿಸುತ್ತಲೇ ಇರುತ್ತೀರಿ, ಅವರು ಯಾರು ಅಂತ ನೋಡಿದ್ದೀರಾ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಮಾಮಾ ಇವರಿಗಿಂತ ಹೆಚ್ಚು ಮ್ಯಾಚು ಆಡಿಸಿದ್ದಾರೆ, ಇವರೇನು ಹೇಳುವುದು ಎಂದು ಊಟದ ಹೊತ್ತಿನಲ್ಲಿ ಎಲ್ಲರೆದುರು ಹಾರಾಡಿದೆ. ನಿಮ್ಮ ಪರವಾಗಿ ಜಗಳವಾಡುವುದರಲ್ಲಿ ನಾನು ಯಾವತ್ತು ಹಿಂದೆ ಬಿದ್ದಿದ್ದೇನೆ?

ಫೈನಲ್ಲಿಗೆ ನನ್ನನ್ನೇ ಮುಖ್ಯ ರೆಫರಿ ಎಂದು ಹಾಕಿದ ದಿನ ಮಾಮಿಗೆ ಫೋನ್ ಮಾಡಿ ಕಿರುಚಿದೆ. ಗೆದ್ದವರು ರಾಜ್ಯಮಟ್ಟಕ್ಕೆ, ಸೋತವರು ಮನೆಗೆ. ಒಂದು ತಂಡದ ಕೋಚ್ ಯಾರು ಗೊತ್ತೇ? ನಿಮ್ಮ ಸಂದೀಪ! ನೀವು ಹುಡುಗನಿದ್ದಾಗಿನಿಂದ ಬೆಳೆಸಿದ, ನಿಮ್ಮನ್ನು "ಮಾಮಾ" ಎಂದೇ ಕರೆಯುತ್ತಿದ್ದ ಅದೇ ಸಂದೀಪ. ಈಗ ಹೊಟ್ಟೆ ಬಂದಿದೆ, ಕೂದಲು ಹೋಗಿದೆ. ಎದುರು ತಂಡದಲ್ಲಿ ಶ್ರಾವ್ಯಾ ಎಂಬ ಹುಡುಗಿ, ಹನ್ನೊಂದನೇ ನಂಬರು. ಗಿಡ್ಡಗಿದ್ದಾಳೆ, ಆದರೆ ಏನು ಓಟ ಅಂತೀರಿ! ಅವಳ ಅಪ್ಪ ಇಲ್ಲಿ ಹೋಟೆಲು ನಡೆಸುವ ಕುಂದಾಪುರದ ಕಡೆಯವರು. ಬೇಲಿಗೆ ಒರಗಿ ನಿಂತು "ಓಡು ಮಗಾ, ಓಡು!" ಎಂದು ಕೂಗುತ್ತಿದ್ದರು. ಕನ್ನಡ ಕಿವಿಗೆ ಬಿದ್ದು ನನಗೆ ಖುಷಿಯಾಯಿತು, ಮುಖ ಮಾತ್ರ ಗಂಟು ಹಾಕಿಕೊಂಡೇ ಇದ್ದೆ. ರೆಫರಿ ಅಲ್ಲವೇ.

ಕೊನೆಯ ನಿಮಿಷ ಬಂದಾಗ ಸಂದೀಪನ ತಂಡ ಒಂದು ಪಾಯಿಂಟು ಮುಂದಿತ್ತು. ಅವನು ಟೈಮ್‌ಔಟ್ ಕೇಳಿದ. ನನ್ನ ಜೊತೆಗಾರ ರೆಫರಿ ರೂಢಿಯಂತೆ ಸೀಟಿ ತುಟಿಯಿಂದ ಬಿಟ್ಟ. ನಾನೂ ಬಿಟ್ಟೆ, ಗೊತ್ತೇ ಆಗದಂತೆ. ಆಗ ಹಿಂದಿನಿಂದ ಸಂದೀಪ ತನ್ನ ಹುಡುಗಿಯರಿಗೆ ಹೇಳುವುದು ಕೇಳಿಸಿತು. "ಬಘಾ, ತ್ಯಾಂಚೀ ಶಿಟ್ಟೀ ಖಾಲೀ ಆಲೀ. ಆತಾ ವಾಜತ ನಾಹೀ. ಬಿನಧಾಸ್ತ ಧರಾ!" ನೋಡಿ, ಅವರ ಸೀಟಿ ಕೆಳಗೆ ಬಂತು, ಇನ್ನು ಊದುವುದಿಲ್ಲ, ಧೈರ್ಯವಾಗಿ ಹಿಡಿದುಕೊಳ್ಳಿ. ಕೇಳಿದಿರಾ, ಮಾಮಾ? ನೀವು ಮಕ್ಕಳ ಮೇಲಿನ ಪ್ರೀತಿಯಿಂದ ಮಾಡಿಕೊಂಡು ಬಂದದ್ದನ್ನು ನಿಮ್ಮ ಕೈಯಲ್ಲೇ ಬೆಳೆದವನು ಹೀಗೆ ಅರ್ಥ ಮಾಡಿಕೊಂಡಿದ್ದ. ನಾವು ಸೀಟಿ ಬಿಟ್ಟದ್ದೇ ಅವನಿಗೆ ಗಂಟೆ ಹೊಡೆದಂತೆ. ಆ ಮಕ್ಕಳು ಅವನ ಮಾತಿಗೆ ತಲೆಯಾಡಿಸಿದ ರೀತಿ ನೋಡಬೇಕಿತ್ತು, ಅವರಿಗೆ ಇದು ಹೊಸದಾಗಿರಲಿಲ್ಲ. ಎಷ್ಟು ವರ್ಷದಿಂದ ಎಷ್ಟು ಕೋಚುಗಳು ಇದನ್ನೇ... ನಾವೇನು ಮಾಡುತ್ತಿದ್ದೆವು, ಮಾಮಾ?

ಆಟ ಮತ್ತೆ ಶುರುವಾಗುವ ಮುಂಚೆ ನಾನು ಸೀಟಿಯನ್ನು ಬಾಯಿಗೆ ಹಾಕಿಕೊಂಡೆ. ಎಲ್ಲರಿಗೂ ಕಾಣುವ ಹಾಗೆ. ಸಂದೀಪನ ಕಡೆಗೇ ಮುಖ ಮಾಡಿ. ಅವನು ನೋಡಿದನೋ ಇಲ್ಲವೋ. ಅಷ್ಟರಲ್ಲಿ ಶ್ರಾವ್ಯಾ ಪಾಸು ಕದ್ದಳು! ಎದುರಿಗೆ ಒಬ್ಬರೂ ಇಲ್ಲ, ಬುಟ್ಟಿಯೊಂದೇ. ಓಡಿದಳು ನೋಡಿ, ನನ್ನ ಹಾಳು ಮೊಣಕಾಲೂ ಅವಳ ಜೊತೆ ಓಡಿತು. ಹಿಂದಿನಿಂದ ಸಂದೀಪನ ಏಳನೇ ನಂಬರಿನ ಹುಡುಗಿ ಬಂದು ಬೆನ್ನಿನ ಮೇಲಿನ ಅಂಗಿಯನ್ನೇ ಎರಡೂ ಕೈಯಿಂದ ಹಿಡಿದು ಜಗ್ಗಿದಳು. ನಿಮ್ಮ ಮಾತು ಕಿವಿಯಲ್ಲಿತ್ತು, ಸುಳ್ಳೇಕೆ ಹೇಳಲಿ. ನುಂಗು ಪಲ್ಲೂ, ನುಂಗು. ನಾನು ಊದಿದೆ. ಪುಪ್ಪುಸದಲ್ಲಿದ್ದ ಗಾಳಿಯನ್ನೆಲ್ಲ ಹಾಕಿ ಊದಿದೆ! ಎರಡೂ ಕೈ ಮೇಲೆತ್ತಿ ಮಣಿಕಟ್ಟು ಹಿಡಿದು ತೋರಿಸಿದೆ: ಕ್ರೀಡಾಮನೋಭಾವಕ್ಕೆ ವಿರುದ್ಧವಾದ ಫೌಲ್. ಎರಡು ಫ್ರೀ ಥ್ರೋ, ಆಮೇಲೆ ಚೆಂಡೂ ಶ್ರಾವ್ಯಾಳ ತಂಡಕ್ಕೆ. ಕೋರ್ಟಿನ ಸುತ್ತ ಎದ್ದ ಗದ್ದಲ ಅತ್ತ ದೌಂಡ್ ಊರಿನವರೆಗೆ ಕೇಳಿಸಿರಬೇಕು.

ಸಂದೀಪ ಗೆರೆಯ ಹತ್ತಿರ ಬಂದು ಎರಡೂ ಕೈ ಬಿಚ್ಚಿ ನಿಂತ. "ಪಲ್ಲವೀತಾಯಿ, ಮಾಮಾ ಅಸತೇ ತರ ವಾಜವಲೀ ನಸತೀ!" ಮಾಮಾ ಇದ್ದಿದ್ದರೆ ಊದುತ್ತಿರಲಿಲ್ಲ. ಎದೆಗೆ ನೇರವಾಗಿ ಬಂದು ಬಡಿಯಿತು, ನಿಜವೇ ಅಲ್ಲವೇ ಅದು? ನೀವು ಊದುತ್ತಿರಲಿಲ್ಲ. ನಾನು ಅವನಿಗೆ ಬೆಂಚಿನ ಕಡೆ ಕೈ ತೋರಿಸಿ, "ಖಾಲೀ ಬಸಾ, ಸರ್" ಎಂದೆ, ಕೂತುಕೊಳ್ಳಿ ಅಂತ. ನನಗೇ ಆಶ್ಚರ್ಯ.

ಶ್ರಾವ್ಯಾ ಫ್ರೀ ಥ್ರೋ ಗೆರೆಗೆ ಬಂದಾಗ ಚೆಂಡನ್ನು ಅವಳ ಕೈಗೆ ಕೊಟ್ಟವಳು ನಾನೇ. ಮೊದಲನೆಯದು ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸು. ಎರಡನೆಯದು ಒಂದು ಸುತ್ತು ತಿರುಗಿ ಹೊರಗೆ. ಹೌದು ಮಾಮಾ, ಎರಡೂ ಹೋದವು! ಆಮೇಲೆ ಬದಿಯಿಂದ ಚೆಂಡು ಒಳಗೆ ಬಂತು, ಮತ್ತೆ ಅವಳೇ ಹಾರಿ ಎಸೆದಳು, ಬೋರ್ಡಿಗೆ ಬಡಿಯಿತು, ರಿಂಗಿಗೆ ಬಡಿಯಿತು, ಬಜರ್ ಮೊಳಗಿತು. ಒಂದೇ ಪಾಯಿಂಟಿನಿಂದ ಸೋತರು. ಸಂದೀಪನ ಹುಡುಗಿಯರು ಕುಣಿದಾಡಿದರು. ನಾನು ಸ್ಕೋರ್ ಹಾಳೆಗೆ ಸಹಿ ಹಾಕುವಾಗ ಯೋಚಿಸಿದೆ, ಅಯ್ಯೋ ದೇವರೇ, ಇಷ್ಟಕ್ಕೆಯೇ ನಾನು ಮಾಮಾನ ಮಾತು ಮೀರಿದ್ದು?

ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಶ್ರಾವ್ಯಾಳ ಅಪ್ಪ ಮಗಳ ಚೀಲ ಹೊತ್ತು ಬಂದರು. ಸೋತ ಸಂಕಟ ಪಾಪ, ನನ್ನ ಮೇಲೆಯೇ ತಿರುಗಿದರು. ಮ್ಯಾಚಿಗೆ ಮುಂಚೆ ನಾನು ಫೋನಿನಲ್ಲಿ ಮಾಮಿಯ ಜೊತೆ ಮಾತಾಡಿದ್ದು ಕೇಳಿಸಿಕೊಂಡಿರಬೇಕು, ಕನ್ನಡದಲ್ಲೇ ಶುರು ಮಾಡಿದರು. "ಮೇಡಂ, ನೀವು ಊದಿ ಎಂತ ಆಯ್ತು ಹೇಳಿ? ಅಷ್ಟು ಗಲಾಟೆ ಆದ್ದಕ್ಕೆ ಹುಡುಗಿಗೆ ಕೈ ನಡುಗಿತು. ಸೋತದ್ದು ಸೋತೇ ಹೋಯ್ತಲ್ಲ." ಉತ್ತರ ಕೊಟ್ಟದ್ದು ಆ ಹುಡುಗಿ. ಕಣ್ಣು ಕೆಂಪಗಿತ್ತು, ಅಂಗಿ ಹಿಂದೆ ಹರಿದಿತ್ತು, ಆದರೆ ಮುಖ ಅರಳಿತ್ತು. "ಸುಮ್ನಿರಿ ಅಪ್ಪಾ. ಹೋದ ವರ್ಷವೂ ಹೀಗೇ ಹಿಡಿದು ಎಳೆದ್ರು, ಯಾರೂ ನೋಡ್ಲೇ ಇಲ್ಲ. ಇಡೀ ವರ್ಷ ನಂಗೆ ನಿದ್ದೆ ಸರಿ ಬರ್ಲಿಲ್ಲ. ಈ ಸಲ ಬುಟ್ಟಿ ತಪ್ಪಿಸಿದ್ದು ನಾನೇ. ಅದು ಅಡ್ಡಿಲ್ಲ, ಕಲಿತೇನೆ." ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಮೇಡಂ, ಮುಂದಿನ ವರ್ಷವೂ ಊದ್ತೀರಲ್ಲ?"

ಮಾಮಾ, ಹೋದ ವರ್ಷ ಅವಳ ಮ್ಯಾಚು ಆಡಿಸಿದವರು ಯಾರೋ ನನಗೆ ಗೊತ್ತಿಲ್ಲ. ನೀವು ಕಲಿಸಿದವರೇ ಇರಬೇಕು, ಎದೆಯ ಮೇಲೆ ಸೀಟಿ ತೂಗಾಡಿಸಿಕೊಂಡು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡವರು. ಅಲ್ಲಿ ಒಂದು ಮಗು ವರ್ಷವಿಡೀ ನಿದ್ದೆಗೆಟ್ಟದ್ದು ನಮಗೆ ಯಾರೂ ಹೇಳಿರಲಿಲ್ಲ, ನಿಮಗೂ. ಗೊತ್ತಾಗಿದ್ದರೆ ಮೊದಲು ಊದುತ್ತಿದ್ದವರು ನೀವೇ, ಅಷ್ಟು ನನಗೆ ಗೊತ್ತು. ಅದಕ್ಕೇ ಸಂದೀಪ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮಾತು ಮೀರಿದ್ದಕ್ಕೆ ಕ್ಷಮೆಯನ್ನೂ ಕೇಳುವುದಿಲ್ಲ. ಸಿಟ್ಟು ಬಂದರೆ ಮಾಮಿಯ ಕನಸಿಗೆ ಹೋಗಿ ಹೇಳಿ, ಅವರೇ ನಿಮಗೆ ಸರಿಯಾಗಿ ಉತ್ತರ ಕೊಡುತ್ತಾರೆ.

ಮುಂದಿನ ಭಾನುವಾರ ಭೋರ್‌ನಲ್ಲಿ ಚಿಕ್ಕ ಮಕ್ಕಳ ಮ್ಯಾಚು ಇದೆ. ಅಲ್ಲೂ ಊದುತ್ತೇನೆ, ಕೊನೆಯ ನಿಮಿಷದಲ್ಲೂ. ಮುಂದಿನ ವರ್ಷವೂ ಊದುತ್ತೇನೆಂದು ಆ ಹುಡುಗಿಗೆ ಮಾತು ಕೊಟ್ಟು ಬಂದಿದ್ದೇನೆ. ನಿಮ್ಮ ಪರವಾಗಿಯೂ ಕೊಟ್ಟೆ.

ನಿಮ್ಮ
ಪಲ್ಲೂ