ಹಿಂದಿನ ಸಾಲಿನ ಚಪ್ಪಾಳೆ

ಮಾರ್ಚ್ 3, ಬೆಳಿಗ್ಗೆ

ಮಹನೀಯರೇ! ಮಹಿಳೆಯರೇ! ಹಿಂದಿನ ಸಾಲಿನಲ್ಲಿ ಬಿಟ್ಟಿ ಕೂತ ಚಿಳ್ಳೆಪಿಳ್ಳೆಗಳೇ! ಸದ್ದು... ಸದ್ದು! ಪರದೆ ಏಳುತ್ತಿದೆ. ರಂಗದ ಮೇಲೆ ಒಂದು ಬಕೆಟ್ಟು, ಒಂದು ಒದ್ದೆ ಟವೆಲ್ಲು, ಉಪ್ಪುನೀರು ಮುಕ್ಕಳಿಸುತ್ತಿರುವ ಐವತ್ತೆಂಟರ ಗಂಡಸು. ಪ್ರೇಕ್ಷಕರು ಯಾರೂ ಇಲ್ಲ. ಇದ್ದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲ.

ನಿನ್ನೆ ಯಜಮಾನನ ಫೋನ್. ನಮ್ಮ ಹೆವಿ ಮೆಟಲ್ ಬ್ಯಾಂಡಿನ ಗಿಟಾರಿಸ್ಟ್. ನಮ್ಮ ಎಂದೆನೇ? ಅವರ ಬ್ಯಾಂಡು. ಹದಿನೆಂಟು ವರ್ಷದ ಹಿಂದೆ ತುಂಬಿದ ಮೈದಾನದಲ್ಲಿ ನನ್ನ ಗಂಟಲು ಒಡೆಯಿತು. ‘ಉಕ್ಕಿನ ಹೆಬ್ಬಾಗಿಲು’ ಹಾಡಿನ ಕೊನೆಯ ಕಿರುಚು—ಜನ ಟಿಕೆಟ್ ಕೊಳ್ಳುತ್ತಿದ್ದುದೇ ಅದಕ್ಕೆ—ಅರ್ಧ ದಾರಿಯಲ್ಲಿ ಕೋಳಿಕೂಗಾಯಿತು. ಮೈದಾನಕ್ಕೆ ಮೈದಾನವೇ ನಕ್ಕಿತು. ಮರುದಿನ ನನ್ನನ್ನು ತೆಗೆದರು. ಹೇಳಲು ಯಜಮಾನ ಬರಲಿಲ್ಲ, ಬಾಸ್ ನುಡಿಸುವ ನನ್ನ ಭಾವನನ್ನು ಕಳಿಸಿದ. ಅಕ್ಕನ ಗಂಡ! ಹೇಳಿ ಮುಗಿಸಿ, ಕಾಫಿ ಕುಡಿದು, ಅದೇ ಬ್ಯಾಂಡಿಗೆ ವಾಪಸ್ ಹೋದ.

“ಆಲ್ಬಮ್ ಮಾಡ್ತಿದ್ದೀವಿ. ಹಳೇ ಗಂಟಲು ಬೇಕು ಕಣಯ್ಯಾ.”

“ಹೊಸ ಗಂಟಲು ಏನಾಯ್ತು?”

“ಬಿಟ್ಟು ಹೋದ. ಸೋಲೋ ಹಾಡ್ತಾನಂತೆ.”

“ಹೆಬ್ಬಾಗಿಲು ಮತ್ತೆ ರೆಕಾರ್ಡ್ ಮಾಡ್ಬೇಕು. ಹಳೇ ಶ್ರುತಿಲೇ. ಕೂದಲೆಳೆಯಷ್ಟು ಇಳಿಸಿದ್ರೂ ನಾನು ಬರಲ್ಲ.”

“ಆಯ್ತು ಮಹಾಪ್ರಭು.”

ಆ ಕಿರುಚು ಒಮ್ಮೆ ಸರಿಯಾಗಿ ಬರಲಿ. ಆಮೇಲೆ ಅವರ ಬ್ಯಾಂಡನ್ನು ಅವರೇ ತಲೆಯ ಮೇಲೆ ಹೊತ್ತುಕೊಳ್ಳಲಿ.

ಮಾರ್ಚ್ 9

ಬೆಳಿಗ್ಗೆ ಯಾರ್ಡಿನಲ್ಲಿ ಈಗಿನ ಹೊಟ್ಟೆಪಾಡು: ಹಳೇ ವಾಹನಗಳ ಹರಾಜು ಕೂಗಿದೆ. ಮಧ್ಯಾಹ್ನ ಸ್ಟುಡಿಯೋ. ಟೈರ್ ಅಂಗಡಿಯ ನೆಲಮಾಳಿಗೆ. ಮೈಕಿಗೂ ರಬ್ಬರ್ ವಾಸನೆ.

ಆಹಾ, ವೀರಾಧಿವೀರರ ಒಡ್ಡೋಲಗ! ಡ್ರಮ್ಮರನ ಸೊಂಟಕ್ಕೆ ಬೆಲ್ಟು—ಮೊಳೆ ಹೊಡೆದದ್ದಲ್ಲ, ಡಾಕ್ಟರ್ ಕೊಟ್ಟದ್ದು. ಯಜಮಾನನಿಗೆ ದೂರಕ್ಕೊಂದು ಹತ್ತಿರಕ್ಕೊಂದು ಕನ್ನಡಕ. ಭಾವನ ಕೂದಲು ಇನ್ನೂ ಉದ್ದ, ಹಿಂಭಾಗದಲ್ಲಿ ಮಾತ್ರ.

“ಏನೋ, ಹೊಟ್ಟೆ ಬೆಳೆಸಿದ್ದೀಯ?” ಭಾವ.

“ಹೊಟ್ಟೆ ಅಲ್ಲ ಭಾವ, ಉಸಿರಿನ ಗೋಡೌನ್.”

ಎಲ್ಲರೂ ನಕ್ಕರು. ಮೈದಾನದ ಮಾತು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎಲ್ಲರ ಕಾಲ ಬಳಿಯೂ ಕೇಬಲ್ಲಿನ ಹಾಗೆ ಸುತ್ತಿಕೊಂಡು ಬಿದ್ದಿತ್ತು, ದಾಟಿ ದಾಟಿ ಓಡಾಡಿದೆವು.

ಮಾರ್ಚ್ 16

ಬಂತು!

ಬಂತು ಬಂತು ಬಂತು! ಒಂದೇ ಟೇಕ್! ಕಿರುಚು ನಾಭಿಯಿಂದ ಎದ್ದು ನೆತ್ತಿ ಒಡೆದು ಹೋಯಿತು. ಇಷ್ಟು ಸಲೀಸಾಗಿ ಮೂವತ್ತರಲ್ಲೂ ಬಂದಿರಲಿಲ್ಲ. ಹೆಡ್‌ಫೋನ್ ತೆಗೆದರೆ ಚಪ್ಪಾಳೆ. ಡ್ರಮ್ಮರ್ ಸೊಂಟ ಹಿಡಿದುಕೊಂಡೇ ಎದ್ದು ನಿಂತು ತಟ್ಟಿದ. ಯಜಮಾನ ತಬ್ಬಿಕೊಂಡು, “ಸಿಂಹ ಕಣೋ ನೀನು!” ಎಂದ.

ಅಳು ಬಂತು. ಕೆಮ್ಮಿದೆ.

ಮಾರ್ಚ್ 17

ಇವತ್ತು ಒಂದು ಮುರುಕು ವ್ಯಾನನ್ನು ಪುಷ್ಪಕ ವಿಮಾನ ಎಂದು ಕೂಗಿ ಮಾರಿದೆ. ತೆಗೆದುಕೊಂಡವನು ನಮಸ್ಕಾರ ಮಾಡಿ ಹೋದ. ಸಿಂಹ!

ಮಾರ್ಚ್ 19

ಅಕ್ಕನ ಮನೆಯಲ್ಲಿ ಊಟ. ಭಾವ ಕೈ ತೊಳೆಯಲು ಹೋಗಿದ್ದ. ಗೋಡೆಗೆ ಒರಗಿಸಿದ್ದ ಬಾಸ್ ಗಿಟಾರಿನ ತಂತಿ ಮೀಟಿದೆ. ಸಡಿಲ. ಒಗೆದ ಬಟ್ಟೆ ಹಾಕುವ ಹಗ್ಗದಷ್ಟು ಸಡಿಲ.

ಮೂಲೆಯಲ್ಲಿ ಅಪ್ಪನ ಹಾರ್ಮೋನಿಯಂ. ನಾಟಕ ಕಂಪನಿ ಮುಚ್ಚಿದಾಗ ಅಪ್ಪ ಹೊತ್ತು ತಂದದ್ದು ಅದೊಂದನ್ನೇ. ತಿದಿ ಎಳೆದು ಹಳೇ ಶ್ರುತಿಯ ಕೀಲಿ ಒತ್ತಿದೆ. ತಂತಿ ಹೊಂದಲಿಲ್ಲ. ಪಕ್ಕದ್ದು ಒತ್ತಿದೆ. ಅದೂ ಇಲ್ಲ. ಅದರ ಪಕ್ಕದ್ದು—ಹೊಂದಿತು. ಎರಡು ಸ್ವರದ ಮನೆ ಕೆಳಗೆ.

ಭಾವ ಬಾಗಿಲಲ್ಲಿ. ಕೈಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು.

“ಎಲ್ರೂ ಇಳಿಸಿದ್ದೀರಾ?”

“...ಎಲ್ರೂ.”

“ನಾನು ಬರೋ ಮುಂಚಿನಿಂದ್ಲೂ?”

“ನೀನು ಫೋನಲ್ಲಿ ಒಪ್ಪಿದ ದಿನದಿಂದ್ಲೂ ಹಾಗೇ ಪ್ರಾಕ್ಟೀಸ್ ಮಾಡಿದ್ವಿ. ನಿಂಗೆ ಗೊತ್ತಾಗಬಾರ್ದು ಅಂತ.”

ಅಕ್ಕ ಸೌಟು ಹಿಡಿದು ಬಂದಳು. “ನಾನೇ ಹೇಳಿದ್ದು ಕಣೋ. ಅವತ್ತು ಮೈದಾನದಿಂದ ಬಂದು ಮೂರು ದಿನ ಗೋಡೆ ಕಡೆ ತಿರುಗಿ ಮಲಗಿದ್ಯಲ್ಲ. ಇನ್ನೊಂದ್ಸಲ ನೋಡೋಕೆ ನನ್ನ ಕೈಲಿ ಆಗಲ್ಲ.”

“ಅದಕ್ಕೆ ಚಪ್ಪಾಳೆನೂ ನೀನೇ ಹೇಳಿಕೊಟ್ಯಾ?”

ಎದ್ದು ಬಂದೆ. ಚಪ್ಪಲಿ ಮೆಟ್ಟಿಲ ಮೇಲೆ ಹಾಕಿಕೊಂಡೆ.

ಚಪ್ಪಾಳೆ! ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದ ಮುದುಕನಿಗೆ ಕಡೆಕಡೆಗೆ ಅರ್ಧ ಹಾಡೇ ಮರೆತುಹೋಗುತ್ತಿತ್ತು. ಅದಕ್ಕೇ ನಮ್ಮನ್ನು, ಕಂಪನಿಯ ಮಕ್ಕಳನ್ನು, ಹಿಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಅಪ್ಪ ಹಾರ್ಮೋನಿಯಂ ಮೇಲಿಂದ ಕಣ್ಣು ಮಿಟುಕಿಸಿದರೆ ತಟ್ಟಬೇಕು. ತಟ್ಟಿ ತಟ್ಟಿ ಅಂಗೈ ಕೆಂಪಾಗುತ್ತಿತ್ತು. ಮುದುಕ ಎದೆ ಉಬ್ಬಿಸಿ ಒಳಗೆ ಹೋಗುತ್ತಿದ್ದ. ನಾವು ಬಾಯಿ ಮುಚ್ಚಿಕೊಂಡು ಕಿಸಿಕಿಸಿ ನಗುತ್ತಿದ್ದೆವು. ಆ ಸದ್ದು ಈ ಜಗತ್ತಿನಲ್ಲಿ ಯಾರಿಗಾದರೂ ಗುರುತು ಸಿಗಬೇಕಿದ್ದರೆ ಅದು ನನಗೆ. ನಾನೋ... ಅಳು ಬಂತು ಎಂದು ಬರೆದಿಟ್ಟಿದ್ದೇನೆ.

ಮಾರ್ಚ್ 30

ಸ್ಟುಡಿಯೋಗೆ ಹೋಗಿಲ್ಲ. ಫೋನ್ ಎತ್ತಿಲ್ಲ.

ಇವತ್ತು ಯಜಮಾನ ಯಾರ್ಡಿಗೇ ಬಂದ. ಬಾನೆಟ್ ಇಲ್ಲದ ಕಾರಿನ ಪಕ್ಕ, ಬಿಸಿಲಲ್ಲಿ ನಿಂತ.

“ನನ್ನನ್ನೂ ಹರಾಜಿಗೆ ಹಾಕು, ಬಾ.”

“ಗುಜರಿಯೋರೂ ಕೂಗಲ್ಲ ನಿನ್ನ.”

ನಗಲಿಲ್ಲ. ಎಡಗೈ ಮುಂದೆ ಚಾಚಿದ. ಬೆರಳ ಗೆಣ್ಣುಗಳು ಊದಿ ಗೋಲಿಯ ಹಾಗಿವೆ. “ಬಿಗಿ ತಂತಿ ಎಳೆದು ಬಗ್ಗಿಸೋಕೆ ಇದರ ಕೈಲಿ ಆಗಲ್ಲ. ಸಡಿಲ ಮಾಡಿದ್ದು ನಂಗೂ ಬೇಕಿತ್ತು.”

“ಮತ್ತೆ ನಂಗೋಸ್ಕರ ಅಂತ ಯಾಕೆ ಹೇಳಿದ್ರಿ ಎಲ್ರೂ?”

“ನಿನ್ನಕ್ಕ ಕೇಳಿದ್ದೇ ನೆಪ ಸಿಕ್ತು, ಎಲ್ರಿಗೂ ಹಾಗೇ ಹೇಳಿದೆ. ನಿನ್ನ ಹೆಸರು ಹೇಳೋದು ಸುಲಭ ಆಯ್ತು.”

ನೋಡಿದಿರಾ ಸಭಿಕರೇ! ಹದಿನೆಂಟು ವರ್ಷದ ಹಿಂದೆ ಭಾವನ ಬೆನ್ನ ಹಿಂದೆ ಅಡಗಿದವನು ಈಗ ನನ್ನ ಗಂಟಲ ಹಿಂದೆ ಅಡಗಿದ್ದಾನೆ. ಹೊಡೆಯಬೇಕೆನಿಸಿತು. ಆ ಬೆರಳು ನೋಡಿ ಕೈ ಬರಲಿಲ್ಲ. ಅದಕ್ಕೂ ಸಿಟ್ಟು ಬಂತು.

“ಹಾಡು ಚೆನ್ನಾಗೇ ಬಂದಿದೆ. ಕೇಳೋರಿಗೆ ಏನು ಗೊತ್ತಾಗತ್ತೆ? ಹಾಗೇ ಬಿಟ್ಟುಬಿಡು.”

“ಒಂದು ಟೇಕ್. ಹಳೇ ಶ್ರುತಿಲಿ. ಅದೇ ಆಲ್ಬಮ್ಮಿಗೆ ಹೋಗ್ಬೇಕು.”

“ಒಡೆದ್ರೆ?”

“ಒಡೆದದ್ದೇ ಹೋಗ್ಲಿ. ನಿನ್ನ ಬೆರಳು ತಪ್ಪಿದ್ರೆ ಅದೂ ಹೋಗ್ಲಿ.”

ಊದಿದ ಬೆರಳಿಂದ ಆ ಕಾರಿನ ಇಂಜಿನ್ನಿನ ಧೂಳು ಒರೆಸಿದ. ಆಮೇಲೆ ಎಂದ: “ನಾಡಿದ್ದು. ಹತ್ತು ಗಂಟೆಗೆ.”

ಮಾರ್ಚ್ 31, ಸಂಜೆ

ಬಾತ್‌ರೂಮಿನ ಬಾಗಿಲು ಹಾಕಿ, ಬಕೆಟ್ಟಿಗೆ ಮುಖ ಮಾಡಿ ಪ್ರಯತ್ನಿಸಿದೆ. ಒಡೆಯಿತು. ಮೈದಾನದಲ್ಲಿ ಒಡೆದ ಜಾಗದಲ್ಲೇ, ಅದೇ ಕೋಳಿಕೂಗು. ಇಷ್ಟು ವರ್ಷ ಅಲ್ಲೇ ಕಾದು ಕೂತಿತ್ತು, ಎಲ್ಲಿಗೂ ಹೋಗಿರಲಿಲ್ಲ.

ಅಕ್ಕ ಮೂರು ಸಲ ಫೋನ್ ಮಾಡಿದಳು. ಮೂರನೆಯದು ಎತ್ತಿದೆ.

“ಹೋಗ್ಬೇಡ್ವೋ.”

“ನೀನೂ ಬಾ. ಕೈ ಮಾತ್ರ ಕಟ್ಟಿಕೊಂಡು ಕೂರು.”

ನಾಳೆ ಬೆಳಿಗ್ಗೆ ಅಕ್ಕನ ಮನೆಗೆ ಹೋಗಿ ಅಪ್ಪನ ಹಾರ್ಮೋನಿಯಂ ಎತ್ತಿಕೊಳ್ಳುತ್ತೇನೆ. ಟೈರ್ ಅಂಗಡಿಯ ಮೆಟ್ಟಿಲಿಳಿದು, ಮೈಕಿನ ಪಕ್ಕ ಇಟ್ಟು, ಹಳೇ ಶ್ರುತಿಯ ಕೀಲಿ ಒತ್ತಿ ಹಿಡಿಯುತ್ತೇನೆ. ಎಲ್ಲರ ತಂತಿ ಅಲ್ಲಿಗೆ ಏರುವವರೆಗೂ ಬಿಡುವುದಿಲ್ಲ. ಆಮೇಲೆ ಹೇಳುತ್ತೇನೆ—ಏನೇ ಬರಲಿ, ಏನೇ ಒಡೆಯಲಿ, ಯಾರೂ ಚಪ್ಪಾಳೆ ತಟ್ಟಕೂಡದು. ಹೇಳಿ, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚದೆ, ಅವರೆಲ್ಲರ ಮುಖ ನೋಡುತ್ತಲೇ ಬಾಯಿ ತೆರೆದು—