ಬೊಗಸೆ ಬಿಚ್ಚಿದ ಕೈಗಳು

ನನ್ನ ದೊಡ್ಡವ್ವಾ,

ನಿನ್ನನ್ನು ಮಣ್ಣು ಮಾಡಿದ ದಿನ ನಾನು ಅಳಲಿಲ್ಲವೆಂದು ರಾಯಚೂರಿನ ನಮ್ಮ ಮಿಶನ್ ಬೋರ್ಡಿಂಗಿನ ಹುಡುಗಿಯರು ಇನ್ನೂ ಆಡಿಕೊಳ್ಳುತ್ತಾರಂತೆ. ಅಳುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ನೀನು ಅಡುಗೆಯವಳಾಗಿ ಅಷ್ಟು ವರ್ಷ ಆಳಿದ ಬೋರ್ಡಿಂಗಿನ ಅಡುಗೆಮನೆಯಲ್ಲಿ ಬಂದವರಿಗೆ ಚಹಾ ಕಾಯಿಸುವವರು ಬೇಕಿತ್ತಲ್ಲ. ನೀನಿದ್ದಿದ್ದರೆ “ಲೇ ರತ್ನೀ, ಅತ್ತಿದ್ದು ಸಾಕು, ಒಲಿ ನೋಡ ಹೋಗು” ಅನ್ನುತ್ತಿದ್ದೆ. ಈಗ ನಾನು ದೇವದುರ್ಗದ ಶಾಲೆಯಲ್ಲಿ ಟೀಚರ್. ನಿಜಾಮರ ಆಳ್ವಿಕೆಯೂ ಮುಗಿಯಿತು. ಆದರೆ ಈ ಕಾಗದ ಅದಕ್ಕಲ್ಲ, ಬೇರೆಯೇ ಒಂದು ಸುದ್ದಿ ಇದೆ.

ನನ್ನ ಮೊದಲ ಪ್ರಭುಭೋಜನ ನೆನಪಿದೆಯೆ? ಚರ್ಚಿನಲ್ಲಿ ನಿನ್ನ ಪಕ್ಕದಲ್ಲೇ ಮೊಣಕಾಲೂರಿದ್ದೆ. ಪಾದ್ರಿಗಳು ರೊಟ್ಟಿಯ ಚೂರು ಕೊಟ್ಟು, ದ್ರಾಕ್ಷಾರಸದ ಬಟ್ಟಲನ್ನು ಮುಂದೆ ಹಿಡಿದರು. ನಾನೋ, ಎರಡೂ ಕೈ ಜೋಡಿಸಿ ಬೊಗಸೆ ಮಾಡಿ, ಬಾಯಿಗೆ ಹಚ್ಚಿ ತಲೆ ಬಗ್ಗಿಸಿದೆ, ಮೇಲಿಂದ ಹೊಯ್ಯಲಿ ಎಂದು! ಪೋತ್ನಾಳದಲ್ಲಿ ನಮ್ಮ ಕೇರಿಯವರು ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಯಾರಾದರೂ ಮನಸ್ಸು ಮಾಡಿ ದೂರದಿಂದ ಹೊಯ್ದರೆ ಬೊಗಸೆಯಲ್ಲಿ ಕುಡಿಯಬೇಕು. ಬೇರೆ ರೀತಿ ನನಗೆ ಗೊತ್ತಿದ್ದರೆ ತಾನೇ? ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನೀನು ನನ್ನ ಬೊಗಸೆ ಬಿಚ್ಚಿ, “ಇದು ಬಾವಿಕಟ್ಟಿ ಅಲ್ಲ ಮಗಳ, ಊಟದ ಮನಿ. ಬಟ್ಟಲ ಹಿಡಿ” ಅಂದೆ. ಹಿಡಿದೆ. ಕುಡಿದೆನೋ ಇಲ್ಲವೋ...

ಆಮೇಲೆ ಬೋರ್ಡಿಂಗಿನಲ್ಲಿ ನಾನು ಕಂಡಲ್ಲೆಲ್ಲ ಹುಡುಗಿಯರು ಬೊಗಸೆ ಹಿಡಿದು ತೋರಿಸುತ್ತಿದ್ದರು. ನನ್ನ ಕೈ ನೋಡಿದರೆ ನನಗೇ ಹೇಸಿಕೆ. ಇನ್ನು ಚರ್ಚಿಗೆ ಕಾಲಿಡುವುದಿಲ್ಲ ಎಂದು ಕಟ್ಟಿಗೆ ಕೋಣೆಯಲ್ಲಿ ಅಡಗಿ ಕುಳಿತೆ. ನೀನು ಸಮಾಧಾನ ಹೇಳಲಿಲ್ಲ, ರಟ್ಟೆ ಹಿಡಿದು ಎಳೆದು ತಂದು ಪರಾತದ ಮುಂದೆ ಕೂರಿಸಿದೆ. ಪ್ರಭುಭೋಜನದ ರೊಟ್ಟಿಗೆ ನಾದಬೇಕಾದ ಗೋಧಿ ಹಿಟ್ಟು! ಅದನ್ನು ನೀನಲ್ಲದೆ ಬೇರೆ ಯಾರೂ ಮುಟ್ಟಿದ್ದೇ ಇಲ್ಲ.

“ಕೈ ತೊಳ್ಕೊ. ನಾದು.”

“ನನ್ನ ಕೈಲೇನ ದೊಡ್ಡವ್ವಾ?”

“ಮತ್ತ ಯಾರ ಕೈಲೆ? ನನ್ನ ಕೀಲು ಹಿಡದಾವ.”

ಎಂಥ ಸುಳ್ಳುಗಾತಿ ನೀನು! ಆ ಬೆಳಿಗ್ಗೆಯೇ ಎಲ್ಲರ ಕಂಬಳಿ ಒಬ್ಬಳೇ ಒಗೆದು ಹಿಂಡಿ ಒಣಹಾಕಿದ್ದೆ. ನಾನು ನಾದುತ್ತಿದ್ದೆ, ನೀನು ನಶ್ಯ ಏರಿಸುತ್ತಾ ಹೇಳುತ್ತಿದ್ದೆ: “ಯೇಸುಸ್ವಾಮಿ ಬಾವಿ ಹತ್ರ ಕುಂತು, ಮಂದಿ ದೂರ ಇಟ್ಟ ಹೆಣ್ಮಗಳ ಕಡೆ ನೀರು ಬೇಡಿದ. ಆಕಿ ಕೊಡ ಹೊಲಸ ಅಂದನೇನು?”

ಮರುದಿನ ಪಾದ್ರಿಗಳು ಆ ರೊಟ್ಟಿ ಮುರಿದರು. ಎಲ್ಲರೂ ತಿಂದರು, ನಕ್ಕವರೂ ತಿಂದರು. ನೀನು ಮೊಣಕೈಯಿಂದ ತಿವಿದು, “ನೋಡಿದೇನು? ಯಾರ ಹೊಟ್ಟೀನೂ ಕೆಡಲಿಲ್ಲ” ಅಂದೆ. ಚರ್ಚು ಎನ್ನುವುದನ್ನೂ ಮರೆತು ನಕ್ಕುಬಿಟ್ಟೆ. ಬಟ್ಟಲು ಬಂದಾಗ ಗಟ್ಟಿಯಾಗಿ ಹಿಡಿದು ಕುಡಿದೆ. ಅಲ್ಲಿಯವರೆಗೆ “ನನ್ನನ್ನು ಶುದ್ಧಮಾಡು ತಂದೆ” ಎಂದು ಬೇಡುವಾಗೆಲ್ಲ ನನ್ನ ಪಾಪವನ್ನೂ ನನ್ನ ಹುಟ್ಟನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಇಡುತ್ತಿದ್ದೆ. ಪಾಪಕ್ಕೆ ಕ್ಷಮೆ ಬೇಕು, ಈಗಲೂ ಬೇಡುತ್ತೇನೆ. ಹುಟ್ಟಿಸಿದವನೇ ಅವನಾಗಿರುವಾಗ ಹುಟ್ಟಿಗೆ ಯಾಕೆ ಕ್ಷಮೆ ಬೇಡಲಿ?

ಹೋದ ವಾರ ನನ್ನ ಯವ್ವ ರಾಯಚೂರಿಗೆ ಬಂದಿದ್ದಳು, ನಾನೂ ದೇವದುರ್ಗದಿಂದ ಹೋಗಿದ್ದೆ. ಹೌದು, ನನ್ನ ಹೆತ್ತ ಅದೇ ಯವ್ವ. ನೀನು ಎಷ್ಟು ಕರೆದರೂ “ನಮ್ಮಂಥವ್ರಿಗೆ ಹೊರಗ ನಿಂತು ಕೈಮುಗಿದ್ರ ಸಾಕು” ಎಂದು ಚರ್ಚಿನ ಬಾಗಿಲು ದಾಟದವಳು ಈಗ ದೀಕ್ಷಾಸ್ನಾನ ಪಡೆದಿದ್ದಾಳೆ! ಭಾನುವಾರ ಅವಳೂ ಸಾಲಿನಲ್ಲಿ ಮೊಣಕಾಲೂರಿದಳು. ಮೊದಲೇ ಹೇಳಿಕೊಟ್ಟಿದ್ದೆ, ಆದರೂ ಬಟ್ಟಲು ಕಂಡದ್ದೇ ಅವಳ ಕೈ ತಾನಾಗಿ ಬೊಗಸೆಯಾಯಿತು. ಅವಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಬೊಗಸೆಯನ್ನು ತಾನೇ ಬಿಚ್ಚಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಳು.

ಸುದ್ದಿ ಅಷ್ಟೇ ಅಲ್ಲ, ಕೇಳು. ಸೋಮವಾರ ಅವಳನ್ನು ಊರಿಗೆ ಬಿಡಲು ಹೊರಟೆ. ಮಾನ್ವಿಯಲ್ಲಿ ಮೋಟಾರು ನಿಂತಾಗ ಅವಳಿಗೆ ಬಾಯಾರಿತು. ಅವಳನ್ನು ಬಲ್ಲ ಚಹಾದ ಅಂಗಡಿಯವನು ರೂಢಿಯಂತೆ ಚೆಂಬು ಎತ್ತಿ ಹೊಯ್ಯಲು ಬಂದ. ಯವ್ವ ಕೈ ಒಡ್ಡಲಿಲ್ಲ. ಗಂಟು ಬಿಚ್ಚಿ, ನೀನು ನನಗೆ ಬಿಟ್ಟುಹೋದ, ನಾನು ಅವಳಿಗೆ ಕೊಟ್ಟಿದ್ದ ಹಿತ್ತಾಳೆ ತಂಬಿಗೆ ತೆಗೆದು ಮುಂದೆ ಹಿಡಿದಳು.

“ಇದರಾಗ ಹಾಕ್ರೀ ಯಪ್ಪಾ. ದೇವರ ಮನ್ಯಾಗ ಬಟ್ಟಲ ಹಿಡದು ಬಂದೀನಿ. ಇನ್ನ ಬೊಗಸಿ ಒಡ್ಡಂಗಿಲ್ಲ.”

“ಏನಬೇ, ಇಷ್ಟು ಸೊಕ್ಕು ಯಾವಾಗಿಂದ?”

“ನಿನ್ನಿ ಮುಂಜಾನಿಂದರೀ.”

ಅವನು ಚೆಂಬು ಬಗ್ಗಿಸಿ ತಂಬಿಗೆಗೆ ಹೊಯ್ದ. ಯವ್ವ ಅಲ್ಲೇ ಕಟ್ಟೆಯ ಮೇಲೆ ಕುಳಿತು, ತಲೆ ಎತ್ತಿ, ಗಟಗಟ ಕುಡಿದಳು. ಆಗ ನಾನು ಅತ್ತೆ, ದೊಡ್ಡವ್ವಾ, ನಿನಗಾಗಿ ಬಾಕಿ ಇದ್ದದ್ದನ್ನೂ ಸೇರಿಸಿ.

ಬರುವ ಈಸ್ಟರ್‌ಗೆ ಅವಳನ್ನು ಮತ್ತೆ ಕರೆಸುತ್ತೇನೆ. ರೊಟ್ಟಿಯ ಹಿಟ್ಟು ಈಗ ನನ್ನ ಕೆಲಸ, ಅದಕ್ಕೆಂದೇ ರಾಯಚೂರಿಗೆ ಹೋಗುತ್ತೇನೆ. ಆ ಪರಾತವನ್ನು ಯವ್ವನ ಮುಂದೆ ಇಡುತ್ತೇನೆ. “ನನ್ನ ಕೈಲೇನ?” ಎಂದು ಅವಳು ಕೇಳಿಯೇ ಕೇಳುತ್ತಾಳೆ. “ನನ್ನ ಕೀಲು ಹಿಡದಾವ” ಎಂದು ಸುಳ್ಳು ಹೇಳುತ್ತೇನೆ.

ನಿನ್ನ
ರತ್ನಿ